ಅರ್ಧ ಆಳಿನ ಬಾಕಿ

ಚಳಿ ಇಳಿಯತೊಡಗಿತ್ತು. ಬೆಳಗಿನ ಮಂಜು ಆರಿ, ಮಣ್ಣು ಬೆರಳಿಗೆ ಅಂಟದಂತಾಗುವ ತನಕ ಆಲೂಗಡ್ಡೆಗೆ ಕೈ ಹಾಕುವಂತಿಲ್ಲ. ಒದ್ದೆ ಮಣ್ಣು ಹೊತ್ತು ಮೂಟೆ ಸೇರಿದ ಗಡ್ಡೆ ವಾರದೊಳಗೆ ನಾರುತ್ತದೆ. ಹಾಗೆಂದು ತಡ ಮಾಡಿದರೆ ಸಾಲಿನ ಮೇಲೆ ಬಿದ್ದ ಗಡ್ಡೆ ಬಿಸಿಲಿಗೆ ಹಸಿರಾಗಿ ಕಹಿಯಾಗುತ್ತದೆ. ಇವೆರಡರ ನಡುವೆ ಸಿಗುವ ಹೊತ್ತಿನಲ್ಲಿ ಒಂದು ಮನೆಯವರು ತಾವಷ್ಟೇ ಒಂದು ಹೊಲದ ಗಡ್ಡೆ ಎತ್ತುವುದು ಆಗದ ಮಾತು. ಆದ್ದರಿಂದ ಗಡ್ಡೆಯ ಕಾಲ ಬಂತೆಂದರೆ ಆ ಓಣಿಯವರೆಲ್ಲ ಮುಯ್ಯಾಳಾಗಿ ದುಡಿಯುತ್ತಿದ್ದರು. ಇವತ್ತು ನಾವು ನಿಮ್ಮ ಹೊಲಕ್ಕೆ, ನಾಳೆ ನೀವು ನಮ್ಮ ಹೊಲಕ್ಕೆ. ಕೂಲಿಯ ಮಾತೇ ಇಲ್ಲ, ಒಂದು ಆಳಿಗೆ ಒಂದು ಆಳು.

ಅವತ್ತು ದರ್ಜಿಯವರ ಹೊಲ. ಮುಂದೆ ನೇಗಿಲು ದಿಂಡನ್ನು ಸೀಳುತ್ತ ಹೋದಂತೆ ಗಡ್ಡೆಗಳು ಬೆಳ್ಳಗೆ ಹೊಟ್ಟೆ ತೋರಿಸಿ ಮೇಲೆ ಬೀಳುತ್ತಿದ್ದವು. ಹಿಂದೆ ಒಬ್ಬೊಬ್ಬರಿಗೆ ಒಂದೊಂದು ಸಾಲು. ಪುಟ್ಟಿ ತನ್ನ ಸಾಲಿನ ನಡುವೆ ಕುಕ್ಕರುಗಾಲಿನಲ್ಲಿ ಕೂತು ಆರಿಸುತ್ತಿದ್ದಳು. ನಲವತ್ತು ದಾಟಿದ ಹೆಂಗಸು, ಆದರೂ ಓಣಿಗೆಲ್ಲ ಅವಳು ಪುಟ್ಟಿಯೇ. ಮನೆಯಲ್ಲಿ ಅಕ್ಕ ಇದ್ದುದರಿಂದ ಬಂದ ಹೆಸರು. ಅಕ್ಕ ಇರುವ ತನಕ ಹೋಗುವ ಹಾಗಿರಲಿಲ್ಲ.

ಅವಳ ಕೈ ಗಡ್ಡೆಯ ಮೇಲಿದ್ದರೂ ಕಿವಿ ಮನೆಯಲ್ಲಿದ್ದ ಅಕ್ಕನ ಕಡೆಗಿತ್ತು. ಓಣಿಯಲ್ಲಿ ನಾಯಿ ಬೊಗಳಿದರೆ ಬೆನ್ನು ನೆಟ್ಟಗಾಗುತ್ತಿತ್ತು. ರಸ್ತೆಯಲ್ಲಿ ಯಾರೋ ಸೈಕಲ್ಲನ್ನು ಜೋರಾಗಿ ತುಳಿದುಕೊಂಡು ಹೋದರೆ, ತನ್ನನ್ನು ಕರೆಯಲು ಬಂದರೇನೋ ಎಂದು ಎದ್ದು ನಿಲ್ಲುತ್ತಿದ್ದಳು. ಬುತ್ತಿಯ ಚೀಲದಲ್ಲಿದ್ದ ಫೋನು ಹೊಡೆಯದೆಯೂ ಹೊಡೆದಂತಾಗಿ ಮಣ್ಣು ಕೈಯನ್ನೇ ಒರೆಸಿಕೊಂಡು ಹೋಗಿ ನೋಡಿ ಬರುತ್ತಿದ್ದಳು. ಎಲ್ಲರ ಸಾಲೂ ಬದುವಿನ ಹತ್ತಿರ ಮುಟ್ಟಿದಾಗ ಅವಳದು ಅರ್ಧಕ್ಕೇ ನಿಂತಿತ್ತು. ದರ್ಜಿಯ ಹೆಂಡತಿ ತನ್ನ ಸಾಲು ಮುಗಿಸಿ, ಆ ಕೊನೆಯಿಂದ ಪುಟ್ಟಿಯ ಸಾಲನ್ನು ಆರಿಸುತ್ತ ಎದುರಾಗಿ ಬಂದಳು. ಬೆಳಗಿನಿಂದ ಅದು ಮೂರನೆಯ ಸಲ.

ಮಧ್ಯಾಹ್ನ ಮರದ ಕೆಳಗೆ ಬುತ್ತಿ ಬಿಚ್ಚಿದಾಗ ತಕ್ಕಡಿ ಅತ್ತೆ ಪುಟ್ಟಿಯ ಪಕ್ಕಕ್ಕೆ ಬಂದು ಕೂತಳು. ಯಾರು ಯಾರ ಹೊಲಕ್ಕೆ ಎಷ್ಟು ಆಳು ಹೋದರು, ಯಾರು ಊಟ ಆದ ಮೇಲೆ ಹೊಟ್ಟೆನೋವೆಂದು ಎದ್ದು ಮನೆಗೆ ನಡೆದರು, ಎಲ್ಲವೂ ಅವಳ ತಲೆಯಲ್ಲಿ ಕೂತಿರುತ್ತಿತ್ತು. ಅವಳು ಹೇಳಿದ ಮೇಲೆ ಮುಯ್ಯಿಯ ಲೆಕ್ಕಕ್ಕೆ ಎರಡನೆಯ ಮಾತಿಲ್ಲ. ಎದುರಿಗೂ ತಕ್ಕಡಿ ಅತ್ತೆ ಎಂದೇ ಕರೆಯುತ್ತಿದ್ದರು, ಅವಳೂ ಆ ಹೆಸರಿಗೆ ಓಗೊಡುತ್ತಿದ್ದಳು.

"ಪುಟ್ಟೀ, ನಾವೆಲ್ಲ ಮಾತಾಡ್ಕೊಂಡಿದೀವಿ."

"ಏನಂತ ಅತ್ತೆ?"

"ನಾಳೆಯಿಂದ ನೀನು ಬರಬೇಡ. ಮನೇಲಿದ್ದು ಅಕ್ಕನ್ನ ನೋಡ್ಕೋ. ನಿನ್ನ ಹೊಲದ ಸರದಿ ಬಂದಾಗ ನಾವೆಲ್ಲ ಬಂದು ಎತ್ತಿಕೊಡ್ತೀವಿ. ಮುಯ್ಯಿ ಗಿಯ್ಯಿ ಏನೂ ಬೇಡ. ನಾಟಿಗೆ ನಾನು ಬಂದಿದ್ದೆನಲ್ಲ, ಆ ಒಂದು ಆಳಿನ ಬಾಕೀನೂ ಮಾಫಿ."

ಸುತ್ತ ಕೂತವರೆಲ್ಲ ತಲೆಯಾಡಿಸಿದರು. ದರ್ಜಿಯ ಹೆಂಡತಿ, "ಹೌದು ಪುಟ್ಟಿ, ನಿನ್ನ ಮುಖ ನೋಡು ಹೇಗಾಗಿದೆ. ನಿದ್ದೆ ಮಾಡಿ ಎಷ್ಟು ದಿನ ಆಯ್ತೋ" ಎಂದಳು. ಯಾರ ದನಿಯಲ್ಲೂ ಕುಹಕವಿರಲಿಲ್ಲ.

ಪುಟ್ಟಿ ಎತ್ತಿದ ತುತ್ತನ್ನು ಮತ್ತೆ ಬುತ್ತಿಗೇ ಹಾಕಿದಳು. ಇದೇ ಮರದ ಕೆಳಗೆ ಇದೇ ಮಾತನ್ನು ಉಬ್ಬಸದ ದೊಡ್ಡಪ್ಪನಿಗೆ ಹೇಳಿದ್ದನ್ನು ಅವಳು ಕಂಡಿದ್ದಳು. ನಿನಗೆ ಉಸಿರಾಡುವುದಕ್ಕೇ ಆಗುವುದಿಲ್ಲ, ನೀನು ಬರಬೇಡ, ನಿನ್ನ ಹೊಲ ನಾವು ನೋಡಿಕೊಳ್ಳುತ್ತೇವೆ. ಮೊದಲ ವರ್ಷ ಎಲ್ಲರೂ ಹೋಗಿ ಎತ್ತಿಕೊಟ್ಟರು. ಎರಡನೆಯ ವರ್ಷ ನಾಲ್ಕು ಜನ ಹೋದರು, ಅದೂ ಎಲ್ಲರ ಹೊಲ ಮುಗಿದ ಮೇಲೆ. ಮೂರನೆಯ ವರ್ಷ ಯಾರಿಗೂ ನೆನಪಾಗಲಿಲ್ಲ. ದೊಡ್ಡಪ್ಪ ಹೊಲವನ್ನು ಗೇಣಿಗೆ ಕೊಟ್ಟು ಕಟ್ಟೆಯ ಮೇಲೆ ಕೂತ. ಯಾರೂ ಕೆಟ್ಟವರಾಗಿರಲಿಲ್ಲ. ಮುಯ್ಯಿಯ ಸುತ್ತಿನಲ್ಲಿ ಇರುವುದು ಎರಡೇ ಬಗೆಯ ಜನ, ಕೊಡಬೇಕಾದವರು ಮತ್ತು ಪಡೆಯಬೇಕಾದವರು. ಎರಡೂ ಅಲ್ಲದವರು ಸುತ್ತಿನ ಹೊರಗೆ. ಹೊರಗೆ ಹೋದ ಮೇಲೆ ಗಡ್ಡೆ ಎತ್ತುವುದಕ್ಕೆ ಮಾತ್ರವಲ್ಲ, ಅಕ್ಕ ಕಾಣೆಯಾದಾಗ ಹುಡುಕಲು ಬನ್ನಿ ಎಂದು ಯಾರ ಬಾಗಿಲಲ್ಲೂ ಕರೆಯುವುದಕ್ಕೆ ಬಾಯಿರುವುದಿಲ್ಲ.

"ಬೇಡ ಅತ್ತೆ. ನಾಳೆ ನಿಮ್ಮ ಹೊಲ ತಾನೇ? ಬರ್ತೀನಿ. ನನ್ನ ಬಾಕಿ ನಾನೇ ತೀರಿಸ್ತೀನಿ."

"ನಿನ್ನ ಗಂಡಂಗೆ ನಾಳೆ ಹಗಲು ಪಾಳಿ ಅಂದಿದ್ದೆಯಲ್ಲೇ. ಮನೇಲಿ ಅವಳ ಹತ್ರ ಯಾರಿರ್ತಾರೆ?"

"ಕರ್ಕೊಂಡು ಬರ್ತೀನಿ."

ಯಾರೋ ಬುತ್ತಿಯ ಮುಚ್ಚಳ ಹಾಕಿದರು. ಎಲ್ಲರ ಕಣ್ಣ ಮುಂದೆ ಹೋದ ವರ್ಷದ ಸಂಜೆ ಬಂದಿರಬೇಕು. ಹೊಲಿದು ನಿಲ್ಲಿಸಿದ್ದ ಮೂಟೆಗಳ ಒಳಗೆ ಯಾರೋ ಉಸಿರು ಕಟ್ಟಿ ಒದ್ದಾಡುತ್ತಿದ್ದಾರೆಂದು ಅಕ್ಕ ಕುಡುಗೋಲು ಹಿಡಿದು ಒಂದಾದ ಮೇಲೊಂದು ಸೀಳಿಹಾಕಿದ್ದಳು. ಲಾರಿ ಬಂದು ನಿಂತಿತ್ತು. ಗಡ್ಡೆಗಳು ರಸ್ತೆಯುದ್ದಕ್ಕೂ ಉರುಳಿದವು. ಯಾರಿಗೂ ಏನೂ ಆಗಲಿಲ್ಲ. ಆದರೆ ಕುಡುಗೋಲು ಆಡಿದ ರೀತಿಯನ್ನು ಯಾರೂ ಮರೆತಿರಲಿಲ್ಲ.

"ಯೋಚನೆ ಮಾಡಿ ಹೇಳ್ತಿದೀಯಾ?" ಎಂದಳು ತಕ್ಕಡಿ ಅತ್ತೆ.

"ಯೋಚನೆ ಮಾಡಿದರೆ ಬರೋಕ್ಕಾಗಲ್ಲ. ಅದಕ್ಕೇ ಮೊದಲೇ ಹೇಳ್ಬಿಟ್ಟೆ."

*

ಪುಟ್ಟಿ ಮನೆಗೆ ಬಂದಾಗ ಗಂಡ ಬಾಗಿಲಿಗೆ ಅಡ್ಡಲಾಗಿ ಮಂಚ ಹಾಕಿಕೊಂಡು ಮಲಗಿದ್ದ. ಶೀತಲ ಗೋದಾಮಿನಲ್ಲಿ ಕಾವಲುಗಾರ. ರಾತ್ರಿ ಪಾಳಿ ಮುಗಿಸಿ ಬಂದ ದಿನ ಅವನು ಹೀಗೆಯೇ ಮಲಗುವುದು. ಅಕ್ಕ ಹೊರಗೆ ಹೋಗಬೇಕಾದರೆ ಅವನನ್ನು ದಾಟಿಯೇ ಹೋಗಬೇಕು. "ಗೋದಾಮಿಗೆ ಬೀಗ ಇದೆ, ನಾನು ಬರೀ ಕಾಯೋನು. ಮನೇಲಿ ಬೀಗಾನೂ ನಾನೇ" ಎಂದು ಅವನು ಬಂದವರಿಗೆ ಹೇಳುತ್ತಿದ್ದ. ನಗುತ್ತಲೇ ಹೇಳುತ್ತಿದ್ದ, ಆದರೆ ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು.

ಅಕ್ಕ ಒಳಗೆ ಗೋಡೆಗೊರಗಿ ಕೂತು ಈರುಳ್ಳಿ ಸುಲಿಯುತ್ತಿದ್ದಳು. ಸುಲಿಯಬಹುದು, ಹೆಚ್ಚುವಂತಿಲ್ಲ. ಚಾಕು, ಕುಡುಗೋಲು, ಕತ್ತರಿ ಎಲ್ಲವೂ ಕಬ್ಬಿಣದ ಪೆಟ್ಟಿಗೆಯೊಳಗೆ. ಬೀಗದ ಕೈ ಪುಟ್ಟಿಯ ಕೊರಳಿನ ದಾರದಲ್ಲಿ.

"ಬಂದೆಯಾ? ತಗೋ. ಇನ್ನು ಇದನ್ನ ಹಲ್ಲಲ್ಲಿ ಕಡಿದು ಸಾರಿಗೆ ಹಾಕ್ತೀಯೋ, ಪೆಟ್ಟಿಗೆ ತೆಗೀತೀಯೋ?"

"ತೆಗೀತೀನಿ ಇರು. ಮಾತ್ರೆ ತಗೊಂಡ್ಯಾ?"

"ನಿನ್ನ ಗಂಡ ನಾಲಿಗೆ ಎತ್ತಿಸಿ ನೋಡಿದ. ಸಂತೇಲಿ ಎತ್ತಿನ ಹಲ್ಲು ನೋಡ್ತಾರಲ್ಲ, ಹಾಗೆ."

ಅಕ್ಕನಿಗೆ ಐವತ್ತರ ಹತ್ತಿರ. ಕಾಯಿಲೆ ಶುರುವಾದದ್ದು ಇಪ್ಪತ್ತೆಂಟಕ್ಕೆ. ಅದಕ್ಕೆ ಮೊದಲು ಮುಯ್ಯಾಳಿನ ಗುಂಪಿನಲ್ಲಿ ಮೂಟೆ ಹೊಲಿಯುವುದಕ್ಕೆ ಅವಳನ್ನೇ ಕರೆಯುತ್ತಿದ್ದರು. ಆಮೇಲೆ ಅವಳಿಗೆ ಮಾತ್ರ ಕೇಳುವ ದನಿಗಳು ಬಂದವು, ಆಸ್ಪತ್ರೆ ಬಂತು, ಮಾತ್ರೆಗಳು ಬಂದವು. ಮಾತ್ರೆಗೆ ದನಿಗಳು ಹಿಂದಕ್ಕೆ ಸರಿಯುತ್ತಿದ್ದವು, ಪೂರ್ತಿ ಹೋಗುತ್ತಿರಲಿಲ್ಲ. ಕೈ ನಡುಗುತ್ತಿತ್ತು, ಬಾಯಿ ಒಣಗಿ ಕೊಡಗಟ್ಟಲೆ ನೀರು ಕುಡಿಯುತ್ತಿದ್ದಳು. ಕೆಲವು ದಿನ ಹೀಗೆ ಮಾತಿಗೆ ಮಾತು ಕೊಡುತ್ತಿದ್ದವಳು, ಮತ್ತೆ ಕೆಲವು ದಿನ ಗೋಡೆಗೆ ಮುಖ ಮಾಡಿ ಮಲಗಿದರೆ ಮಲಗಿದ್ದೇ. ಯಾವಾಗಲೋ ಒಮ್ಮೆ ಎದ್ದು ಕಾಲುವೆಯ ದಾರಿ ಹಿಡಿದುಬಿಡುತ್ತಿದ್ದಳು. ಅದಕ್ಕೇ ಪುಟ್ಟಿ ಅಕ್ಕನ ಹೊದಿಕೆಯ ಅಂಚನ್ನು ತನ್ನ ಮುಂಗೈಗೆ ಸುತ್ತಿಕೊಂಡು ಮಲಗುವುದು. ಅಕ್ಕ ಮಗ್ಗುಲು ಬದಲಿಸಿದರೂ ಇವಳಿಗೆ ಎಚ್ಚರ. ಒಮ್ಮೊಮ್ಮೆ, ಈ ಹೊದಿಕೆಯ ಆ ತುದಿಯಲ್ಲಿ ಯಾರೂ ಇಲ್ಲದಿದ್ದರೆ ಹೇಗಿರುತ್ತದೆ ಎಂಬ ಯೋಚನೆ ಬರುತ್ತಿತ್ತು. ಅದು ಬಂದ ದಿನ ಪುಟ್ಟಿ ಮನೆಯಲ್ಲಿದ್ದ ಒಗೆದ ಬಟ್ಟೆಯನ್ನೂ ತೆಗೆದು ಮತ್ತೊಮ್ಮೆ ಒಗೆಯುತ್ತಿದ್ದಳು.

ಊಟಕ್ಕೆ ಕೂತಾಗ ಮರದ ಕೆಳಗಿನ ಮಾತನ್ನು ಗಂಡನಿಗೆ ಹೇಳಿದಳು.

"ನಾಳೆ ರಜೆ ಹಾಕ್ತೀನಿ ಬಿಡು" ಎಂದ ಅವನು.

"ನಾಳೆ ಹಾಕ್ತೀರಿ. ನಾಡಿದ್ದು? ಆಚೆ ನಾಡಿದ್ದು?"

"ಜನ ಒಳ್ಳೇದಕ್ಕೇ ಹೇಳಿದಾರೆ ಕಣೇ."

"ಒಳ್ಳೇದಕ್ಕೇ. ಕೆಟ್ಟದ್ದಕ್ಕೆ ಹೇಳಿದ್ರೆ ಜಗಳ ಆಡ್ಬಹುದಿತ್ತು. ಇದಕ್ಕೆ ಏನು ಮಾಡೋದು?"

ಅವನು ಊಟ ಮುಗಿಸಿ ತಟ್ಟೆ ಎತ್ತಿಕೊಂಡ. "ಅಲ್ಲಿ ಮೂಟೆ ಇರುತ್ತೆ, ನೋಡ್ಕೋ" ಎಂದಷ್ಟೇ ಹೇಳಿದ.

ಪುಟ್ಟಿ ಅಕ್ಕನ ಕಡೆ ತಿರುಗಿದಳು. "ಅಕ್ಕ, ನಾಳೆ ತಕ್ಕಡಿ ಅತ್ತೆ ಹೊಲಕ್ಕೆ ಬರ್ತೀಯಾ?"

ಅಕ್ಕ ನೀರಿನ ಚೆಂಬನ್ನು ಕೆಳಗಿಟ್ಟಳು. "ಕೂಲಿಗೋ ಮುಯ್ಯಿಗೋ?"

"ಮುಯ್ಯಿಗೆ. ಒಂದು ಆಳು ಬಾಕಿ ಇದೆ."

"ಒಂದು ಬಾಕಿಗೆ ಇಬ್ಬರು ಯಾಕೆ ಹೋಗ್ಬೇಕು?"

ನಿನ್ನನ್ನು ಬಿಟ್ಟು ಹೋಗಲು ಆಗುವುದಿಲ್ಲ, ಅದಕ್ಕೆ, ಎಂದು ಬಾಯಿಯವರೆಗೆ ಬಂದದ್ದನ್ನು ಪುಟ್ಟಿ ನುಂಗಿದಳು.

ಅಕ್ಕನೇ ಹೇಳಿದಳು: "ಇಬ್ಬರು ಹೋದರೆ ಅತ್ತೆ ಮೇಲೆ ಒಂದು ಆಳಿನ ಬಾಕಿ ನಿಲ್ಲುತ್ತೆ. ಸರಿಯಾಗಿ ಮಾತಾಡ್ಕೊಂಡು ಕರ್ಕೊಂಡು ಹೋಗು. ಪುಕ್ಕಟೆ ನಾನು ಬರಲ್ಲ."

*

ತಕ್ಕಡಿ ಅತ್ತೆಯ ಹೊಲದ ಬದುವಿನ ಮೇಲೆ ಅಕ್ಕ ತಂಗಿ ಬಂದು ನಿಂತಾಗ ಎಲ್ಲರೂ ಒಮ್ಮೆ ನೋಡಿ, ನೋಡದವರಂತೆ ತಲೆ ತಗ್ಗಿಸಿದರು. ಎರಡು ಕುಡುಗೋಲುಗಳು ಸದ್ದಿಲ್ಲದೆ ಗಾಡಿಯ ಮೇಲೇರಿದವು. ತಕ್ಕಡಿ ಅತ್ತೆ ಮಾತ್ರ, "ಬಾ ತಾಯಿ. ಎಷ್ಟು ದಪ್ಪ ಆಗಿದೀಯೇ" ಎಂದಳು.

"ಮಾತ್ರೆ ತಿಂದು ಅತ್ತೆ. ನೀನು ಏನು ತಿಂದು?"

ದರ್ಜಿಯ ಹೆಂಡತಿ ಫಕ್ಕನೆ ನಕ್ಕು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

ಪುಟ್ಟಿ ಎಲ್ಲವನ್ನೂ ಲೆಕ್ಕ ಹಾಕಿಯೇ ಬಂದಿದ್ದಳು. ಅಕ್ಕನಿಗೆ ಅಂಚಿನ ಸಾಲು, ಪಕ್ಕದಲ್ಲಿ ತಾನು. ಮೂಟೆ ಹೊಲಿಯುವ ಜಾಗ ಮರದ ಆಚೆಗೆ, ಅಕ್ಕನ ಬೆನ್ನ ಹಿಂದೆ ಬರುವ ಹಾಗೆ. ಯಾರಾದರೂ ಅಕ್ಕನನ್ನು ಮಾತಾಡಿಸಿದರೆ ತಾನೇ ಉತ್ತರ ಕೊಡುವುದು.

ಬೆಳಗಿನ ಹೊತ್ತು ಹಾಗೆಯೇ ನಡೆಯಿತು. ಅಕ್ಕ ಕೂತಳು, ಮಣ್ಣಿಗೆ ಬೆರಳು ಹಾಕಿದಳು. ಮೊದಲ ಬುಟ್ಟಿ ತುಂಬಲು ಬಹಳ ಹೊತ್ತು ಹಿಡಿಯಿತು. ಎರಡನೆಯದಕ್ಕೆ ಅಷ್ಟು ಹಿಡಿಯಲಿಲ್ಲ. ನೇಗಿಲು ತಾಗಿ ಗಾಯವಾದ ಗಡ್ಡೆಯನ್ನು ಎಡಕ್ಕೆ, ಸಣ್ಣದನ್ನು ಮುಂದಕ್ಕೆ, ಒಳ್ಳೆಯದನ್ನು ಬುಟ್ಟಿಗೆ ಹಾಕುವುದನ್ನು ಅವಳ ಕೈ ಮರೆತಿರಲಿಲ್ಲ. ಕೈ ನಡುಗುತ್ತಿತ್ತು, ಆದರೆ ಗಡ್ಡೆ ಆರಿಸುವುದಕ್ಕೆ ನೆಟ್ಟಗಿರುವ ಕೈಯೇ ಬೇಕೆಂದಿಲ್ಲ. ಬುಟ್ಟಿ ಬುಟ್ಟಿಗೂ ಎದ್ದು ಹೋಗಿ ನೀರು ಕುಡಿದು ಬರುತ್ತಿದ್ದಳು. ಅವಳು ಎದ್ದಾಗಲೆಲ್ಲ ಪುಟ್ಟಿಯೂ ಎದ್ದಳು. ಅವಳು ಕೂತಾಗ ಇವಳೂ ಕೂತಳು.

"ರಾತ್ರಿ ನಿದ್ದೆ ಬರುತ್ತಾ ದೊಡ್ಡಮ್ಮ?" ಎಂದು ಆ ಕಡೆಯ ಸಾಲಿನಿಂದ ಒಬ್ಬಳು ಕೇಳಿದಳು.

"ಬರುತ್ತೆ, ಮಾತ್ರೆ ಕೊಡ್ತಾರೆ" ಎಂದಳು ಪುಟ್ಟಿ.

"ನನ್ನ ಕೇಳಿದ್ದು" ಎಂದಳು ಅಕ್ಕ. "ನನ್ನ ಬಾಯಿ ನನ್ನ ಹತ್ರಾನೇ ಇದೆ. ಅದನ್ನೂ ಪೆಟ್ಟಿಗೇಲಿ ಹಾಕಿ ಬೀಗ ಹಾಕಿದೀಯಾ?"

ಪುಟ್ಟಿಯ ಮುಖ ಕೆಂಪಾಯಿತು. ಬಗ್ಗಿ ಗಡ್ಡೆ ಹೆಕ್ಕಿದಳು. ಅಕ್ಕನ ಸಾಲು ಅವಳದಕ್ಕಿಂತ ನಾಲ್ಕು ಮಾರು ಮುಂದಿದ್ದುದನ್ನು ಆಗಲೂ ಅವಳು ಗಮನಿಸಲಿಲ್ಲ. ತಕ್ಕಡಿ ಅತ್ತೆ ಗಮನಿಸಿದಳು.

ಊಟವಾಗಿ ಸ್ವಲ್ಪ ಹೊತ್ತಾಗಿತ್ತು. ಮರದ ಆಚೆ ದರ್ಜಿಯ ಹೆಂಡತಿ ಮೂಟೆಗಳ ಬಾಯಿ ಹೊಲಿಯುತ್ತಿದ್ದಳು. ದಪ್ಪ ದಬ್ಬಣ ಗೋಣಿಯನ್ನು ತೂರಿ ಹುರಿಯನ್ನು ಎಳೆಯುವ ಸದ್ದು ಗಾಳಿ ಬೀಸಿದಾಗ ಇತ್ತ ಕೇಳುತ್ತಿತ್ತು. ಅಕ್ಕನ ಕೈ ನಿಂತಿತು. ತಲೆಯನ್ನು ಒಂದು ಕಡೆಗೆ ವಾಲಿಸಿದಳು. ಪುಟ್ಟಿಗೆ ಆ ವಾಲಿಕೆ ಗೊತ್ತು. ಕೈಗೆ ಸಿಕ್ಕ ಗಡ್ಡೆಯೊಂದನ್ನು ಎತ್ತಿ ಹಿಡಿದಳು.

"ಅಕ್ಕ, ಇಲ್ಲಿ ನೋಡು. ಈ ಗಡ್ಡೆ ನೋಡು ಎಷ್ಟು ದೊಡ್ಡದು."

ಅಕ್ಕ ನೋಡಲಿಲ್ಲ. ಎದ್ದು ಸಾಲುಗಳನ್ನು ದಾಟಿ ನೇರ ಮರದ ಕಡೆ ನಡೆದಳು. ಪುಟ್ಟಿ ಓಡಿ ಹೋಗುವಷ್ಟರಲ್ಲಿ ಅವಳು ಮೂಟೆಯೊಂದರ ಮುಂದೆ ಮಂಡಿಯೂರಿ, ಹುರಿಯ ಗಂಟಿಗೆ ಹಲ್ಲು ಹಾಕಿ ಎಳೆಯುತ್ತಿದ್ದಳು. ದರ್ಜಿಯ ಹೆಂಡತಿ ದಬ್ಬಣವನ್ನು ಎದೆಗೊತ್ತಿಕೊಂಡು ಹಿಂದೆ ಸರಿದು ನಿಂತಿದ್ದಳು. ಪುಟ್ಟಿ ಎರಡೂ ಕೈಯಿಂದ ಅಕ್ಕನ ತೋಳು ಹಿಡಿದು ಜಗ್ಗಿದಳು.

"ಬಿಡೇ, ಉಸಿರು ಸಿಗ್ತಿಲ್ಲ ಅವರಿಗೆ" ಎಂದಳು ಅಕ್ಕ. ದನಿ ಜೋರಾಗಿರಲಿಲ್ಲ. ಒಲೆಯ ಮೇಲೆ ಹಾಲು ಉಕ್ಕುತ್ತಿದೆ ಎನ್ನುವ ದನಿ. ತೋಳಿನಲ್ಲಿ ಮಾತ್ರ ಪುಟ್ಟಿಗೆ ಹಿಡಿಯಲಾಗದ ಬಲವಿತ್ತು.

"ಯಾರೂ ಇಲ್ಲ ಅಕ್ಕ, ಬರೀ ಗಡ್ಡೆ, ನಾವೇ ತುಂಬಿದ್ದು, ಬಾ, ಮನೆಗೆ ಹೋಗೋಣ, ಬಾ."

ತಕ್ಕಡಿ ಅತ್ತೆ ಸಾಲಿನಿಂದ ಎದ್ದು ಬಂದಿದ್ದಳು. ಅಕ್ಕನ ಎರಡೂ ಕೈಗಳನ್ನು ನೋಡಿದಳು. ಆಮೇಲೆ, "ಬಿಡು ಅವಳ ಕೈ" ಎಂದಳು.

"ಅತ್ತೆ, ಎಲ್ಲಾ ಮೂಟೆ ಬಿಚ್ಚಿಹಾಕ್ತಾಳೆ."

"ಲಾರಿ ಬರೋದು ಸಂಜೆಗೆ. ಕೈಯಲ್ಲಿ ಕಬ್ಬಿಣ ಇಲ್ಲ. ಬಿಚ್ಚಲಿ. ನನ್ನ ಮೂಟೆ ತಾನೇ, ನಾನು ಹೇಳ್ತಿದೀನಿ."

ಪುಟ್ಟಿಗೆ ಕೈ ಬಿಡಲು ಆಗಲಿಲ್ಲ. ಹಿಡಿತ ಸಡಿಲಿಸುವುದನ್ನು ಬೆರಳುಗಳು ಮರೆತಂತಿದ್ದವು. ಇಷ್ಟು ವರ್ಷ ಹಿಡಿದದ್ದೇ ಹಿಡಿದದ್ದು. ಬಿಡು ಎಂದು ಇದುವರೆಗೆ ಯಾರೂ ಹೇಳಿರಲಿಲ್ಲ. ಒಂದೊಂದೇ ಬೆರಳನ್ನು ಎತ್ತಿ ಬಿಟ್ಟಳು. ಅಕ್ಕನ ತೋಳಿನ ಮೇಲೆ ಅವಳ ಕೈಯ ಮಣ್ಣಿನ ಅಚ್ಚು ಉಳಿಯಿತು.

ಅಕ್ಕ ಮೊದಲ ಮೂಟೆಯನ್ನು ಬಿಚ್ಚಿದಳು. ಮೊಣಕೈಯವರೆಗೆ ಒಳಗೆ ಹಾಕಿ ತಡಕಿದಳು, ಬಾಯಿಗೆ ಕಿವಿಯಿಟ್ಟಳು. ಎರಡನೆಯದನ್ನು ಬಿಚ್ಚಿದಳು. ತುಟಿ ಸೀಳಿ ರಕ್ತ ಬಂದಿತ್ತು. ಯಾರೂ ನಗಲಿಲ್ಲ, ಯಾರೂ ಹತ್ತಿರ ಹೋಗಲಿಲ್ಲ. ನೇಗಿಲು ಹೊಡೆಯುತ್ತಿದ್ದವನು ಎತ್ತು ನಿಲ್ಲಿಸಿ ಕಾದ. ಮೂರು, ನಾಲ್ಕು. ನಾಲ್ಕನೆಯ ಮೂಟೆಯ ಒಳಗೆ ಕೈಯಿಟ್ಟು ಬಹಳ ಹೊತ್ತು ಹಾಗೆಯೇ ಇದ್ದಳು. ಆಮೇಲೆ ಕೈಯನ್ನು ಹೊರಗೆ ತೆಗೆದು, ಮೂಟೆಗೊರಗಿ ಕೂತುಬಿಟ್ಟಳು. ಮೈಯೆಲ್ಲ ಬೆವರಿತ್ತು.

"ಈಗಿಲ್ಲ" ಎಂದಳು.

ದರ್ಜಿಯ ಹೆಂಡತಿ ನೀರು ತಂದುಕೊಟ್ಟಳು. ಚೆಂಬಿನ ನೀರನ್ನೆಲ್ಲ ಕುಡಿದು ಮುಗಿಸಿದ ಅಕ್ಕ ಕಣ್ಣೆತ್ತಿ ಇನ್ನೂ ಹೊಲಿದೇ ಇದ್ದ ಐದನೆಯ ಮೂಟೆಯ ಬಾಯಿಯನ್ನು ನೋಡಿದಳು. ಹುಬ್ಬು ಗಂಟಿಕ್ಕಿತು.

"ಇದನ್ನ ಹೊಲಿದೋರು ಯಾರು?"

"ನಾನು" ಎಂದಳು ದರ್ಜಿಯ ಹೆಂಡತಿ ಅಳುಕುತ್ತ.

"ದರ್ಜಿ ಮನೆಯವಳು ಹೊಲಿದ ಹೊಲಿಗೆಯಾ ಇದು? ಇದರೊಳಗೆ ಹೆಗ್ಗಣ ಸಂಸಾರ ಸಮೇತ ಹೋಗಿ ಬರ್ಬಹುದು. ದಬ್ಬಣ ಎಲ್ಲಿ?"

ಪುಟ್ಟಿಯ ಕೈ ತಾನಾಗಿಯೇ ಮುಂದೆ ಹೋಯಿತು. ತಕ್ಕಡಿ ಅತ್ತೆ ಅವಳನ್ನು ದಾಟಿ ಹೋಗಿ, ದರ್ಜಿಯ ಹೆಂಡತಿಯ ಕೈಯಿಂದ ದಬ್ಬಣ ತೆಗೆದುಕೊಂಡು ಅಕ್ಕನ ಅಂಗೈಯಲ್ಲಿಟ್ಟಳು. ಅಕ್ಕ ಹುರಿಯನ್ನು ದಬ್ಬಣದ ಕಣ್ಣಿಗೆ ಹಿಡಿದಳು. ಕೈ ನಡುಗಿ ಪಕ್ಕಕ್ಕೆ ಹೋಯಿತು. ಮತ್ತೆ ಹಿಡಿದಳು, ಮತ್ತೆ ಹೋಯಿತು.

"ಕೊಡಿ ಇಲ್ಲಿ" ಎಂದು ದರ್ಜಿಯ ಹೆಂಡತಿ ಪಕ್ಕದಲ್ಲಿ ಕೂತು ಪೋಣಿಸಿಕೊಟ್ಟಳು. "ಪೋಣಿಸೋದಾದ್ರೂ ನನಗೆ ಬರುತ್ತೆ."

"ಮದುವೆಯಾಗಿ ಇಷ್ಟು ವರ್ಷಕ್ಕೆ ಅಷ್ಟಾದ್ರೂ ಕಲಿತ್ಯಲ್ಲ."

ತಕ್ಕಡಿ ಅತ್ತೆ ಪುಟ್ಟಿಯ ಕಡೆ ತಿರುಗಿದಳು. "ಇನ್ನು ನೀನು ನಿನ್ನ ಸಾಲು ನೋಡು ಹೋಗು. ಬೆಳಗಿನಿಂದ ಅದು ನಿನ್ನೇ ಕಾಯ್ತಾ ಬಿದ್ದಿದೆ."

ಪುಟ್ಟಿ ಹೋಗಿ ಕೂತಳು. ಹಿಂತಿರುಗಿ ನೋಡಬಾರದೆಂದು ಹಲ್ಲು ಕಚ್ಚಿ ಆರಿಸಿದಳು. ಕತ್ತಿನ ನರ ಸೆಳೆಯುತ್ತಿತ್ತು. ಮರದ ಕಡೆಯಿಂದ ಹುರಿ ಎಳೆಯುವ ಸದ್ದು ಬಂದಾಗ ಬೆನ್ನಿನ ಮೇಲೆ ಯಾರೋ ಎಳೆದಂತಾಗುತ್ತಿತ್ತು. ಸ್ವಲ್ಪ ಹೊತ್ತಿಗೆ ಆ ಸದ್ದು ಒಂದು ಹದಕ್ಕೆ ಬಂತು. ಅವಳ ಕೈಯೂ ಬಂತು. ಬದು ಮುಟ್ಟಿದಾಗಲೇ ಅವಳಿಗೆ ತಿಳಿದದ್ದು, ಒಂದು ಸಾಲನ್ನು ಎಲ್ಲೂ ಏಳದೆ ಕೊನೆಯವರೆಗೆ ಆರಿಸಿದ್ದು ಎಷ್ಟೋ ಕಾಲದ ಮೇಲೆ ಎಂದು.

*

ಲಾರಿ ತುಂಬಿ ಹೋಯಿತು. ಕೈಕಾಲು ತೊಳೆದುಕೊಂಡು ಎಲ್ಲರೂ ಬದುವಿನ ಮೇಲೆ ಕೂತರು. ದಿನದ ಲೆಕ್ಕ ಹೇಳುವ ಹೊತ್ತು.

"ಪುಟ್ಟಿ ಮನೆ" ಎಂದಳು ತಕ್ಕಡಿ ಅತ್ತೆ. "ಇಬ್ಬರೂ ಸೇರಿ ಒಂದು ಆಳು. ನಾಟಿ ಬಾಕಿ ತೀರಿತು. ಲೆಕ್ಕ ಚುಕ್ತಾ. ನಿನ್ನ ಮಾತು ನೀನು ಉಳಿಸ್ಕೊಂಡೆ ತಾಯಿ, ಯಾರೂ ಏನೂ ಅನ್ನೋ ಹಾಗಿಲ್ಲ. ಇನ್ನಾದ್ರೂ ಮನೇಲಿರು."

ಎಲ್ಲರೂ ಸರಿ ಎಂಬಂತೆ ಕೂತಿದ್ದರು. ಪುಟ್ಟಿ ಏಳಲಿಲ್ಲ.

"ಇಬ್ಬರು ಬಂದಿದೀವಿ ಅತ್ತೆ. ಒಂದು ಹೇಗಾಗುತ್ತೆ?"

"ಚೌಕಾಸಿ ಮಾಡ್ತಿದೀಯೇನೇ ನನ್ನ ಹತ್ರ?"

"ಮಾಡ್ತಿದೀನಿ. ಅಕ್ಕನ ಸಾಲು ಎಷ್ಟು ಮುಗೀತು, ಹೇಳಿ."

"ಸಾಲು ಮುಗಿಸಿದಾಳೆ, ಇಲ್ಲ ಅನ್ನಲ್ಲ. ಆದ್ರೆ ನಾಲ್ಕು ಮೂಟೆ ಬಿಚ್ಚಿದಾಳೆ."

"ನಾಲ್ಕು ಹೊಲಿದಿದಾಳೆ."

"ಬಿಚ್ಚಿದ್ದು ನಾಲ್ಕು, ಹೊಲಿದಿದ್ದು ನಾಲ್ಕು. ಅಲ್ಲಿಗೆ ಸೊನ್ನೆ."

"ಐದನೇದನ್ನೂ ಬಿಚ್ಚಿ ಹೊಲಿದ್ರು" ಎಂದು ದರ್ಜಿಯ ಹೆಂಡತಿ ನಡುವೆ ಬಾಯಿ ಹಾಕಿದಳು. "ನನ್ನ ಹೊಲಿಗೆ ನೋಡೋಕ್ಕಾಗಲ್ಲ ಅಂತ. ಆಮೇಲೆ ಉಳಿದಿದ್ದನ್ನೆಲ್ಲ ನಾನು ಪೋಣಿಸಿದೆ, ಅವರು ಹೊಲಿದ್ರು. ಲಾರಿಯವನು ಒಂದು ಮೂಟೇನೂ ವಾಪಸ್ ಇಳಿಸಲಿಲ್ಲ. ಅಕ್ಕ ಪೂರ್ತಿ ಆಳು ಅತ್ತೆ. ಅರ್ಧ ಆಳು ಯಾರು ಅಂದ್ರೆ..." ಎಂದು ಪುಟ್ಟಿಯ ಮುಖ ನೋಡಿ ನಿಲ್ಲಿಸಿದಳು.

"ಹೇಳು ಅತ್ತಿಗೆ."

"ಮಧ್ಯಾಹ್ನದ ತನಕ ನೀನು ಎಲ್ಲಿ ಕೆಲಸ ಮಾಡ್ದೆ? ಅವರು ಎದ್ರೆ ಎದ್ದೆ, ಕೂತ್ರೆ ಕೂತೆ."

ಪುಟ್ಟಿ ತನ್ನ ಸಾಲುಗಳ ಕಡೆ ನೋಡಿದಳು. ಸುಳ್ಳಲ್ಲ. ಇಷ್ಟು ವರ್ಷ ಅವಳು ಎಲ್ಲರ ಮುಂದೆ ತಗ್ಗಿದ್ದು ಅಕ್ಕನ ಹೆಸರಿನಲ್ಲಿ. ಇವತ್ತು ತನ್ನ ಹೆಸರಿನಲ್ಲಿ ತಗ್ಗಬೇಕಾಗಿ ಬಂದಾಗ ಅದು ಅಷ್ಟು ಭಾರವೆನಿಸಲಿಲ್ಲ.

"ಸರಿ. ನಾನು ಅರ್ಧ. ಅಕ್ಕ ಒಂದು. ಒಂದೂವರೆ ಆಯ್ತು. ಒಂದು ಬಾಕಿಗೆ ಹೋಯ್ತು. ಇನ್ನರ್ಧ ನಿಮ್ಮ ಮೇಲೆ ನಿಲ್ತು ಅತ್ತೆ."

ತಕ್ಕಡಿ ಅತ್ತೆ ಬೆರಳು ಮಡಚಿ ಎಣಿಸಿದಳು. ಲೆಕ್ಕದಲ್ಲಿ ತಪ್ಪು ಹುಡುಕಿದಳು, ಸಿಗಲಿಲ್ಲ. ಅವಳ ಮೇಲೆ ಯಾರ ಬಾಕಿಯೂ ನಿಂತದ್ದನ್ನು ಅಲ್ಲಿದ್ದವರು ಕಂಡಿರಲಿಲ್ಲ.

"ಅರ್ಧ ಆಳನ್ನ ಎಲ್ಲಿಂದ ತರ್ಲೇ ನಾನು?"

"ಅತ್ತೆ, ಕಳಿಸೋದಾದ್ರೆ ಸೊಂಟದಿಂದ ಮೇಲಿನದು ಕಳಿಸು" ಎಂದಳು ಅಕ್ಕ. "ಕೆಳಗಿನದು ಬರೀ ಓಡಾಡ್ಕೊಂಡಿರುತ್ತೆ, ಕೆಲಸ ಮಾಡಲ್ಲ."

ಬದುವಿನ ಮೇಲೆ ಕೂತವರೆಲ್ಲ ನಕ್ಕರು. ತಕ್ಕಡಿ ಅತ್ತೆಯೂ ನಕ್ಕಳು, ಆಮೇಲೆ ಕಣ್ಣೊರೆಸಿಕೊಂಡು, "ಹಾಗಾದ್ರೆ ಒಂದು ಕೆಲಸ ಮಾಡ್ತೀನಿ. ಒಂದು ಮಧ್ಯಾಹ್ನ ನಾನೇ ಬಂದು ಇವಳ ಹತ್ರ ಕೂತ್ಕೋತೀನಿ. ನೀನು ಬಾಗಿಲು ಹಾಕ್ಕೊಂಡು ಮಲಗು. ಅದು ಅರ್ಧ ಆಳಾಯ್ತಲ್ಲ. ನಾಳೇನೇ ಬರ್ಲಾ?" ಎಂದಳು.

ಮಲಗು ಎಂಬ ಮಾತು ಕಿವಿಗೆ ಬಿದ್ದೊಡನೆ ಪುಟ್ಟಿಯ ಕಣ್ಣೆವೆ ಭಾರವಾಯಿತು. ಅಲ್ಲಿಯೇ ಆ ಬದುವಿನ ಮೇಲೆಯೇ ಒರಗಿಬಿಡಬೇಕೆನಿಸಿತು. ಒಂದು ಮಧ್ಯಾಹ್ನ, ಮುಂಗೈಗೆ ಏನನ್ನೂ ಸುತ್ತಿಕೊಳ್ಳದೆ. ಎರಡು ಸಲ ಹೂಂ ಎನ್ನಲು ಹೋಗಿ ತಡೆದುಕೊಂಡಳು. ಬಾಕಿ ನಿಂತಿರುವ ತನಕ ಅವಳು ಸುತ್ತಿನ ಒಳಗೆ.

"ನಾಳೆ ಬೇಡ ಅತ್ತೆ. ನಾನೇ ಕೇಳ್ತೀನಿ."

"ಯಾವಾಗ?"

"ಬೇಕಾದಾಗ."

"ಬೇಗ ಕೇಳು. ಬಾಕಿ ಇಟ್ಕೊಂಡು ನನಗೆ ಅಭ್ಯಾಸ ಇಲ್ಲ."

ಪುಟ್ಟಿಯ ಹೊಲದ ಸರದಿ ಬಂದದ್ದು ಸುತ್ತಿನ ಕೊನೆಯಲ್ಲಿ. ಆ ಹೊತ್ತಿಗೆ ಅವಳು ಅಕ್ಕನೊಂದಿಗೆ ಇನ್ನೂ ನಾಲ್ಕು ಹೊಲಗಳಿಗೆ ಹೋಗಿ ಬಂದಿದ್ದಳು. ಎರಡು ದಿನ ಅರ್ಧಕ್ಕೇ ಎದ್ದು ಮನೆಗೆ ಬರಬೇಕಾಗಿ ಬಂದಿತ್ತು. ಅವತ್ತು ಎಲ್ಲರೂ ಬಂದರು. ತಕ್ಕಡಿ ಅತ್ತೆ ತನ್ನ ಸೊಸೆಯನ್ನೂ ಕರೆದುಕೊಂಡು ಬಂದಳು. ಅಕ್ಕ ಮಾತ್ರ ಏಳಲಿಲ್ಲ. ಹಿಂದಿನ ದಿನದಿಂದ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಊಟ ಮಾಡಿರಲಿಲ್ಲ, ಮಾತಾಡಿರಲಿಲ್ಲ. ಗಂಡ ಬಾಗಿಲಿಗೆ ಮಂಚ ಅಡ್ಡ ಹಾಕಿ ಕೂತ. ಪುಟ್ಟಿ ಹೊಲಕ್ಕೂ ಮನೆಗೂ ಓಡಾಡಿದಳು. ಮೂಟೆಗಳನ್ನು ದರ್ಜಿಯ ಹೆಂಡತಿ ಹೊಲಿದಳು, ಹೊಲಿಗೆ ಹತ್ತಿರ ಹತ್ತಿರ ಬೀಳುವ ಹಾಗೆ, ನಾಲಿಗೆ ಕಚ್ಚಿಕೊಂಡು.

ಸಂಜೆ ಲೆಕ್ಕ ಹೇಳುವಾಗ ತಕ್ಕಡಿ ಅತ್ತೆ ಗಂಟಲು ಸರಿ ಮಾಡಿಕೊಂಡಳು. "ಪುಟ್ಟಿ, ಇವತ್ತು ನಿನ್ನ ಅಕ್ಕ ಬರಲಿಲ್ಲ. ಅವಳ ಬದಲು ನನ್ನ ಸೊಸೆ ಬಂದಿದಾಳೆ. ಆ ಅರ್ಧ ಆಳು ಇದರಲ್ಲಿ ವಜಾ ಆಯ್ತು ಅಂದ್ಕೋಬಹುದಲ್ಲ?"

"ಅದು ಹೇಗೆ ಅತ್ತೆ? ನಮ್ಮ ಹೊಲ ಎತ್ತೋ ದಿನ ನಮ್ಮ ಅಕ್ಕ ಮಲಗಿದ್ರೆ ಅದು ನಮ್ಮ ಮನೆ ವಿಷಯ. ನಿಮ್ಮ ಸೊಸೆ ಬಂದಿದ್ದಕ್ಕೆ ನಾನು ಬೇರೆ ಬಂದು ತೀರಿಸ್ತೀನಿ. ಆ ಅರ್ಧ ಹಾಗೇ ಇರಲಿ."

"ಬಿಡಲ್ಲ ನೀನು."

"ಬಿಡಲ್ಲ" ಎಂದು ಪುಟ್ಟಿ ಖಾಲಿ ಬುಟ್ಟಿಗಳನ್ನು ಒಂದರೊಳಗೊಂದು ಸೇರಿಸಿ ತಲೆಯ ಮೇಲಿಟ್ಟುಕೊಂಡು, ಅಕ್ಕನಿಗೆ ಮಾತ್ರೆ ಕೊಡುವ ಹೊತ್ತಾಯಿತೆಂದು ಮನೆಯ ಕಡೆ ನಡೆದಳು.